ಹೆಜಮಾಡಿ ಉಂಟಾ?

ದೂಮಪ್ಪಣ್ಣನ ಬಗ್ಗೆ ಬರೆಯುವುದಾದರೆ ಅವರ ಗಂಟಲಿನಿಂದಲೇ ಶುರು ಮಾಡಬೇಕು. ಬೇರೆ ದಾರಿ ಇಲ್ಲ. ಆ ಗಂಟಲಿನಿಂದ ಅವರು ಸಾವಿರ ಜನರ ಎದುರು ಒಂದೇ ಒಂದು ಸುಳ್ಳು ಹೇಳಿದರು. ಹೇಳಿಸಿದವಳು ನಾನು. ಒಂದು ಹುಡುಗಿ ನಮ್ಮಿಬ್ಬರನ್ನು ಕ್ಷಮಿಸುತ್ತಾಳೋ ಇಲ್ಲವೋ ಎಂದು ನಾವು ಒಂದು ವರ್ಷ ಕಾದೆವು. ಅದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ.

ಉಡುಪಿಯ ಬಸ್ ನಿಲ್ದಾಣದಲ್ಲಿ ಅವರು ಮೂವತ್ತೊಂದು ವರ್ಷದಿಂದ ಏಜೆಂಟ್. ಏಜೆಂಟ್ ಎಂದರೆ ದೊಡ್ಡ ಹುದ್ದೆ ಎಂದು ತಿಳಿಯಬೇಡಿ. ಬಸ್ಸು ಬಂದು ನಿಂತ ಕೂಡಲೇ ಅದು ಹೋಗುವ ಊರುಗಳ ಹೆಸರು ಕೂಗಿ ಜನ ಹತ್ತಿಸುವುದು, ಹೊತ್ತಾದರೆ ಬಸ್ಸಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟು ಕಳುಹಿಸುವುದು, ಅಷ್ಟೇ. ಉದ್ಯಾವರ, ಕಟಪಾಡಿ, ಪಾಂಗಾಳ, ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ ಎಂದು ಒಂದೇ ಉಸಿರಿನಲ್ಲಿ ಅವರು ಕೂಗುತ್ತಿದ್ದರೆ ಪಕ್ಕದ ಹೋಟೆಲಿನಲ್ಲಿ ಕೂತವರು ಚಹಾ ಬಿಟ್ಟು ಏಳಬೇಕು. ನಾನು ಇಪ್ಪತ್ತಾರು ವರ್ಷ ಆ ಬಸ್ಸಿನಲ್ಲೇ ಕಾಪುವಿನ ನಮ್ಮ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದವಳು. ಒಂದು ದಿನವೂ ಅವರು ನನಗೆ ನಿಧಾನವಾಗಿ ನಮಸ್ಕಾರ ಹೇಳಿದ್ದಿಲ್ಲ. ನಮಸ್ಕಾರವೂ ಕೂಗಿಯೇ.

ನಮ್ಮ ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡ ಚೆನ್ನಾಗಿತ್ತು. ನೋಡುವ ಜನ ಮಾತ್ರ ಸತ್ತ ಮೀನಿನ ಹಾಗೆ. ಗಂಡಸರು ಮರದಡಿ ಕೂತು ಮೊಬೈಲ್ ಉಜ್ಜುವುದು, ಹೆಂಗಸರು ಕೊಡೆ ಹಿಡಿದು ಮನೆಯ ಸುದ್ದಿ ಮಾತಾಡುವುದು. ಗೋಲು ಆದರೆ 'ಯಾರು ಹೊಡೆದದ್ದು?' ಎಂದು ಕೇಳುವುದು. ಒಂದು ವರ್ಷ ಹಳೆ ವಿದ್ಯಾರ್ಥಿಗಳ ಸಂಘದವರು ಪಂದ್ಯಾಟಕ್ಕೆ ಮಣಿಪಾಲದಿಂದ ಒಬ್ಬ ನಿರೂಪಕನನ್ನು ಕರೆಸಿದರು. ಚಂದದ ಇಂಗ್ಲಿಷ್, ಚಂದದ ಕೋಟು. ಹತ್ತು ನಿಮಿಷದಲ್ಲಿ ಜನರೆಲ್ಲ ಚರುಮುರಿ ಗಾಡಿಯ ಹತ್ತಿರ ಇದ್ದರು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ, ಸುಮ್ಮನೆ ಆಟ ನೋಡಲು ಬಂದಿದ್ದ ದೂಮಪ್ಪಣ್ಣನ ಕೈಗೆ ಯಾರೋ ಮೈಕ್ ಕೊಟ್ಟರು.

ಅವರಿಗೆ ಫುಟ್‌ಬಾಲ್ ಎಂತ ಗೊತ್ತು, ಮಣ್ಣು. ಗೊತ್ತಿದ್ದುದನ್ನೇ ಮಾಡಿದರು. ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಪ್ರತಿ ಸ್ಟಾಪಿಗೆ ಮೊದಲು 'ಪಾಂಗಾಳ ಉಂಟಾ?' ಎಂದು ಕೇಳುತ್ತಾನೆ. ಇಳಿಯುವವರು ಇದ್ದರೆ 'ಉಂಟು' ಎನ್ನಬೇಕು, ಇಲ್ಲದಿದ್ದರೆ ಬಸ್ಸು ನಿಲ್ಲುವುದಿಲ್ಲ. ದೂಮಪ್ಪಣ್ಣ ಮೈಕ್ ಹಿಡಿದು ಕೇಳಿದರು, "ಉದ್ಯಾವರ ಉಂಟಾ?"

ಮರದಡಿಯಿಂದ ನಾಲ್ಕು ಜನ ನಗುತ್ತಾ "ಉಂಟು" ಎಂದರು.

"ಎಂತ ಮಾರಾಯ್ರೆ, ಉದ್ಯಾವರದವರಿಗೆ ಊಟ ಆಗಲಿಲ್ಲವಾ? ಕಟಪಾಡಿ ಉಂಟಾ?"

ಕಟಪಾಡಿಯವರು ಉದ್ಯಾವರದವರಿಗಿಂತ ಜೋರಾಗಿ ಕೂಗಿದರು. ಅಲ್ಲಿಗೆ ಮುಗಿಯಿತು. ಹೆಜಮಾಡಿ ತಲುಪುವಷ್ಟರಲ್ಲಿ ಇಡೀ ಮೈದಾನ ಎದ್ದು ನಿಂತಿತ್ತು. ಕೊನೆಗೆ ಕಂಡಕ್ಟರನಂತೆಯೇ "ರೈಟ್, ಪೋಯಿ" ಎಂದರು, ತುಳುವಿನಲ್ಲಿ ಹೋಗೋಣ ಎಂದು. ರೆಫ್ರಿ ವಿಸಿಲ್ ಊದಿದ. ಕೋಟಿನವನು ಊಟ ಮುಗಿಸಿ ಬಂದು ನೋಡಿ ಹಾಗೆಯೇ ಬಸ್ಸು ಹತ್ತಿದ.

ಅಂದಿನಿಂದ ಒಂಬತ್ತು ವರ್ಷ ಮೈಕ್ ಅವರದೇ. ಎದುರಾಳಿಗಳಿಗೂ ಅವರು ಅನ್ಯಾಯ ಮಾಡಿದವರಲ್ಲ. ಕಾರ್ಕಳದ ತಂಡ ಬಂದರೆ ಬೆಳ್ಮಣ್, ನಿಟ್ಟೆ, ಕಾರ್ಕಳ ಎಂದು ಆ ದಾರಿಯನ್ನೂ ಕೂಗುತ್ತಿದ್ದರು. ಆಡುವ ಹುಡುಗಿಯರ ಮನೆ, ಅಪ್ಪ ಅಮ್ಮನ ಹೆಸರು, ಎಲ್ಲಾ ಬಾಯಿಪಾಠ. ಮೈದಾನ ಅರ್ಧ ನಿಮಿಷ ಸುಮ್ಮನಾದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ನಾನು ಪಕ್ಕದಲ್ಲಿ ಕೂತು ಸಮಯ ಬರೆಯುವವಳು. "ಸ್ವಲ್ಪ ಗಂಟಲಿಗೆ ಬಿಡುವು ಕೊಡಿ ಮಾರಾಯ್ರೆ, ನನ್ನ ಕಿವಿ ಹೋಯಿತು" ಎಂದರೆ, "ಬಸ್ಸು ಖಾಲಿ ಹೊರಟರೂ ಅಡ್ಡಿಯಿಲ್ಲ ಟೀಚರ್, ಕೂಗದೆ ಹೊರಡಬಾರದು" ಎನ್ನುತ್ತಿದ್ದರು.

ಶಾರ್ಲೆಟ್ ಹೆಜಮಾಡಿಯ ಹುಡುಗಿ. ಆಗ ಒಂಬತ್ತನೆಯ ತರಗತಿ. ಅಪ್ಪ ಇಮ್ಯಾನುಯೆಲ್ ಕುವೈತಿನಲ್ಲಿ ಕೆಲಸಕ್ಕಿದ್ದರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು. ಮಗಳ ಆಟವನ್ನು ಅವರು ಕಣ್ಣೆದುರು ನೋಡಿದ್ದೇ ಇಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿದ್ದೆವು. ಶನಿವಾರ ಅವರಿಗೆ ರಜೆ. ಪಂದ್ಯ ಶುರುವಾಗುವಾಗ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ನಾನು ಮೊಬೈಲನ್ನು ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ಮೈದಾನದ ಕಡೆ ಮುಖ ಮಾಡಿ ಇಡುತ್ತಿದ್ದೆ. ದೂಮಪ್ಪಣ್ಣ ಎರಡೂ ಅವಧಿಯ ಮೊದಲು, ಹೆಜಮಾಡಿ ಕೂಗಿದ ಮೇಲೆ, ತಪ್ಪದೆ ಹೇಳುತ್ತಿದ್ದರು: "ನಮ್ಮ ಶಾರ್ಲೆಟಳ ತಂದೆ ಇಮ್ಯಾನುಯೆಲ್ ಪೊರ್ಬುಗಳು ಕುವೈತಿನಿಂದ ನೋಡುತ್ತಾ ಇದ್ದಾರೆ. ಕುವೈತಿಗೆ ಕೇಳುವ ಹಾಗೆ ಒಂದು ಚಪ್ಪಾಳೆ." ಕ್ರಿಸ್ತಿಯನ್ನರನ್ನು ನಮ್ಮಲ್ಲಿ ಗೌರವದಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಆ ಮಾತು ಕೇಳಿದ ಮೇಲೆಯೇ ಶಾರ್ಲೆಟ್ ಬೂಟಿನ ಲೇಸು ಕಟ್ಟುತ್ತಿದ್ದಳು.

ಹೋದ ವರ್ಷದ ಫೈನಲ್. ಎದುರು ಕಾರ್ಕಳದ ಕಡೆಯ ಒಂದು ಶಾಲೆ. ಅಂದು ಕುವೈತಿನ ಕರೆ ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದು ನಾನು ಯಾರಿಗೂ ಹೇಳದೆ ಮೊಬೈಲನ್ನು ಹಾಗೆಯೇ ಬಾಟಲಿಗೆ ಒರಗಿಸಿಟ್ಟೆ. ಮೊದಲ ಅವಧಿಯಲ್ಲಿ ಎಲ್ಲಾ ಎಂದಿನಂತೆ. ಗೋಲು ಯಾರಿಗೂ ಆಗಲಿಲ್ಲ. ಹಾಫ್ ಟೈಮಿನಲ್ಲಿ ಶಾರ್ಲೆಟಳ ತಾಯಿಯ ಅಣ್ಣ ಅಲೋಶಿಯಸ್ ಬಂದು ಮೇಜಿನ ಹತ್ತಿರ ನಿಂತರು.

"ಟೀಚರ್, ಬಾವ ಹೋದರು," ಎಂದರು. "ಬೆಳಿಗ್ಗೆ ರೂಮಿನಲ್ಲಿ. ಹಾರ್ಟ್. ತಂಗಿಗೆ ಇನ್ನೂ ಐಸಿಯು ಎಂದೇ ಹೇಳಿದ್ದು. ಇವಳಿಗೆ ಈಗ ಗೊತ್ತಾಗುವುದು ಬೇಡ. ಆಟ ಮುಗಿಯಲಿ, ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ."

ನಮ್ಮ ಕಡೆ ಇದೊಂದು ಪದ್ಧತಿ. ಗಲ್ಫಿನಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮೊದಲು ನೆರೆಕರೆಗೆ, ಕೊನೆಗೆ ಮನೆಯವರಿಗೆ. ಹುಷಾರಿಲ್ಲವಂತೆ, ಸೀರಿಯಸ್ ಅಂತೆ, ಪ್ರಾರ್ಥನೆ ಮಾಡಿ, ಹೀಗೆ ಗುಟುಕು ಗುಟುಕಾಗಿ ಕುಡಿಸುವುದು. ಪ್ರೀತಿಯಿಂದಲೇ ಮಾಡುತ್ತೇವೆ. ನನ್ನ ಅತ್ತೆಗೂ ಹಾಗೆಯೇ ಮಾಡಿದ್ದೆವು. ಅದು ಸರಿಯೋ ಎಂದು ಕೂತು ಯೋಚಿಸಿದವರು ನಮ್ಮಲ್ಲಿ ಯಾರೂ ಇಲ್ಲ.

ಆದರೆ ಊರ ಬಾಯಿಗೆ ಹೊಲಿಗೆ ಹಾಕಲು ಆಗುತ್ತದೆಯೇ? ಹೆಜಮಾಡಿಯ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಇಮ್ಯಾನುಯೆಲರ ಫೋಟೋ ಹೂವಿನೊಂದಿಗೆ ಬಂದಾಗಿತ್ತು. ಮೈದಾನದ ಗೆರೆಯ ಪಕ್ಕದಲ್ಲಿ ಜನ ಒಬ್ಬರಿಗೊಬ್ಬರು ಮೊಬೈಲ್ ತೋರಿಸುವುದು ನನಗೆ ಕಾಣುತ್ತಿತ್ತು. ಗುಸುಗುಸು ಶುರುವಾಗಿತ್ತು. ಎರಡನೆಯ ಅವಧಿಗೆ ಹುಡುಗಿಯರು ಒಳಗೆ ಬಂದರು. ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸಿಕೊಂಡಿದ್ದ ದೂಮಪ್ಪಣ್ಣ ಮೈಕ್ ಎತ್ತಿದರು. ಉದ್ಯಾವರ ಉಂಟು ಎಂದಿತು, ಕಾಪು ಉಂಟು ಎಂದಿತು, ಪಡುಬಿದ್ರಿಯೂ ಹೇಳಿತು.

"ಹೆಜಮಾಡಿ ಉಂಟಾ?"

ಯಾರೂ ಮಾತಾಡಲಿಲ್ಲ. ಅಲ್ಲಿಂದ ವ್ಯಾನು ಮಾಡಿಕೊಂಡು ಬಂದಿದ್ದ ಮೂವತ್ತು ಜನ ತಲೆ ತಗ್ಗಿಸಿ ನಿಂತಿದ್ದರು. ಶಾರ್ಲೆಟ್ ತಿರುಗಿ ನಮ್ಮ ಮೇಜಿನ ಕಡೆ ನೋಡಿದಳು. ಲೇಸು ಕಟ್ಟಿರಲಿಲ್ಲ.

"ಹೇಳಿ," ಎಂದೆ ನಾನು.

"ಟೀಚರ್, ನನ್ನ ಕೈಯಲ್ಲಿ ಆಗುವುದಿಲ್ಲ."

"ಹೇಳದಿದ್ದರೆ ಅವಳಿಗೆ ಈಗಲೇ ಗೊತ್ತಾಗುತ್ತದೆ. ಹೇಳಿ ಮಾರಾಯ್ರೆ."

ಅವರು ಹೇಳಿದರು. ನಮ್ಮ ಶಾರ್ಲೆಟಳ ತಂದೆ ಇಮ್ಯಾನುಯೆಲ್ ಪೊರ್ಬುಗಳು ಕುವೈತಿನಿಂದ ನೋಡುತ್ತಾ ಇದ್ದಾರೆ. ಒಂದಕ್ಷರ ಬದಲಾಗಲಿಲ್ಲ. ಗೊತ್ತಿಲ್ಲದವರು ಜೋರಾಗಿ ಚಪ್ಪಾಳೆ ತಟ್ಟಿದರು. ಗೊತ್ತಿದ್ದವರೂ ತಟ್ಟಿದರು. ಅವಳು ಬಗ್ಗಿ ಲೇಸು ಕಟ್ಟಿದಳು.

ಮುಂದಿನ ಅರ್ಧ ಗಂಟೆ ಆ ಮನುಷ್ಯ ಕೂಗಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಗುಸುಗುಸು ಅವಳ ಕಿವಿಗೆ ಬೀಳದಂತೆ ಮಾಡಲು ಇದ್ದದ್ದು ಒಂದೇ ದಾರಿ, ಮೈದಾನ ಒಂದು ಕ್ಷಣವೂ ಸುಮ್ಮನಾಗಬಾರದು. ದಾರಿಯ ಊರುಗಳನ್ನು ಹಿಂದೆ ಮುಂದೆ ಮಾಡಿ ಕೂಗಿದರು. ಚರುಮುರಿಯವನ ಹೆಸರು ಕೂಗಿದರು. ಕಾರ್ಕಳದ ಗೋಲ್‌ಕೀಪರಿಗೂ ಜೈಕಾರ ಹಾಕಿಸಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಹೆಗಲ ಮೇಲಿನ ಬೈರಾಸಿನಿಂದ ಒರೆಸಿಕೊಳ್ಳುತ್ತಾ ಕೂಗಿದರು. ದೂರದಿಂದ ನೋಡಿದವರು ಬೆವರು ಎಂದುಕೊಂಡಿರಬೇಕು.

ಮುಗಿಯಲು ನಾಲ್ಕು ನಿಮಿಷ ಇರುವಾಗ ಶಾರ್ಲೆಟ್ ಗೋಲು ಹೊಡೆದಳು. ಹೊಡೆದವಳೇ ನೇರ ನಮ್ಮ ಮೇಜಿಗೆ ಓಡಿ ಬಂದಳು. ಬಾಟಲಿಗೆ ಒರಗಿಸಿದ್ದ ನನ್ನ ಮೊಬೈಲಿಗೆ ಎರಡೂ ಕೈ ಬೀಸಿ "ಪಪ್ಪಾ, ನೋಡಿದ್ರಾ?" ಎಂದಳು. ಪರದೆ ಕಪ್ಪಾಗಿತ್ತು. ಬಿಸಿಲಿಗೆ ಕಾಣುವುದಿಲ್ಲ ಎಂದುಕೊಂಡಳೋ ಏನೋ, ಮತ್ತೊಮ್ಮೆ ಕೈ ಬೀಸಿ ಓಡಿಹೋದಳು.

ದೇಹ ಊರಿಗೆ ಬರಲು ಆರು ದಿನ ಹಿಡಿಯಿತು. ಇಗರ್ಜಿಯ ಅಂಗಳದಲ್ಲಿ ಎಲ್ಲಾ ಮುಗಿದ ಮೇಲೆ ಶಾರ್ಲೆಟ್ ನಮ್ಮ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ಅಂಕಲ್, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮಗಾ."

"ಟೀಚರಿಗೆ?"

ನಾನು ತಲೆ ಆಡಿಸಿದೆ.

"ಚಪ್ಪಾಳೆ ತಟ್ಟಿದವರಿಗೂ ಗೊತ್ತಿತ್ತು. ಪಪ್ಪಾ ನನ್ನವರು. ನನಗೆ ಮಾತ್ರ ಗೊತ್ತಿರಲಿಲ್ಲ," ಎಂದಳು. "ನಾನು ಮೊಬೈಲಿಗೆ ಕೈ ಬೀಸುವಾಗ ನೀವಿಬ್ಬರೂ ನೋಡುತ್ತಾ ಇದ್ದಿರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ವರ್ಷ ಪಾಠ ಮಾಡಿದವಳು ನಾನು. ಅರ್ಥ ಗೊತ್ತಾದದ್ದು ಅಂದು.

ದೂಮಪ್ಪಣ್ಣ ಮೈಕ್ ಬಿಟ್ಟರು. ಸಂಘದವರು ಮನೆಗೆ ಹೋಗಿ ಕೇಳಿದರೂ ಬರಲಿಲ್ಲ. ದೊಡ್ಡ ಸ್ಪೀಕರ್ ತಂದು ಹಾಡು ಹಾಕಿ ನೋಡಿದರು, ಜನ ಮತ್ತೆ ಮರದಡಿ ಸೇರಿ ಮೊಬೈಲ್ ಉಜ್ಜಲು ಕೂತರು. ಶಾರ್ಲೆಟ್ ಕೂಡ ಆಟ ಬಿಟ್ಟಿದ್ದಳು. ಬಸ್ ನಿಲ್ದಾಣದಲ್ಲಿ ದೂಮಪ್ಪಣ್ಣ ಕೂಗುವುದನ್ನೇನೋ ನಿಲ್ಲಿಸಲಿಲ್ಲ, ಹೊಟ್ಟೆಪಾಡು. ಆದರೆ ಎರ್ಮಾಳು, ಪಡುಬಿದ್ರಿ ಎಂದು ಹೇಳಿ ಅಲ್ಲಿಗೆ ನಿಲ್ಲಿಸುತ್ತಿದ್ದರು. ಹೆಜಮಾಡಿಯ ಹೆಂಗಸರು ಬಸ್ಸು ತಪ್ಪಿ ಜಗಳಕ್ಕೆ ಬಂದದ್ದೂ ಉಂಟು. ನಾನೇ ಒಂದು ದಿನ ಬೈದೆ.

"ಹೆಸರು ಹೇಳಿದರೆ ನಾಲಿಗೆ ಸುಡುತ್ತದಾ ನಿಮಗೆ?"

"ಬಾಯಿಗೆ ಬರುವುದಿಲ್ಲ ಟೀಚರ್," ಎಂದರು. ನಿಧಾನವಾಗಿ ಹೇಳಿದರು. ಅವರ ಅಷ್ಟು ಸಣ್ಣ ಸ್ವರ ನಾನು ಕೇಳಿದ್ದು ಅದೇ ಮೊದಲು.

ಈ ವರ್ಷದ ಪಂದ್ಯಾಟಕ್ಕೆ ಮೂರು ದಿನ ಇರುವಾಗ, ನಾನು ಬಸ್ಸಿಗೆ ಕಾಯುತ್ತಿದ್ದಾಗ ಶಾರ್ಲೆಟ್ ಅವರನ್ನೇ ಹುಡುಕಿಕೊಂಡು ಉಡುಪಿಯ ನಿಲ್ದಾಣಕ್ಕೆ ಬಂದಳು. ಈಗ ಹತ್ತನೆಯ ತರಗತಿ. ಬೆನ್ನಿನ ಚೀಲದಿಂದ ಬೂಟು ನೇತಾಡುತ್ತಿತ್ತು. ದೂಮಪ್ಪಣ್ಣನ ಎದುರು ನಿಂತಳು.

"ನಾನು ಮತ್ತೆ ಆಡುತ್ತೇನೆ ಅಂಕಲ್. ಶನಿವಾರ ನೀವು ಬರಬೇಕು."

ಅವರು ನೆಲ ನೋಡಿದರು.

"ಪಪ್ಪನ ಹೆಸರು ಹೇಳಬೇಕು. ಆದರೆ ಇದ್ದದ್ದನ್ನೇ ಹೇಳಿ. ನನಗೆ ಹೇಳದೆ ಯಾರಿಗೂ ಹೇಳಬೇಡಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ಮೊಬೈಲ್ ಚೀಲದಲ್ಲಿ ಇಡಿ," ಎಂದು ಹೇಳಿ ಬಸ್ಸು ಹತ್ತಿದಳು. ಆ ಬಸ್ಸಿಗೆ ದೂಮಪ್ಪಣ್ಣ ಕೂಗಲಿಲ್ಲ, ಬೆನ್ನಿಗೆ ಎರಡು ಪೆಟ್ಟು ಮಾತ್ರ ಕೊಟ್ಟರು.

ಶನಿವಾರ ಅವರು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ. ಹೆಗಲಿನ ಬೈರಾಸನ್ನು ತೆಗೆದು ಮೇಜಿನ ಮೇಲೆ ಮಡಚಿಟ್ಟು ಎದ್ದು ನಿಂತು ಮೈಕ್ ಹಿಡಿದರು. ಜನ ಸ್ವರ ಗುರುತಿಸಿ ಹತ್ತಿರ ಬಂದರು.

"ಹೆಜಮಾಡಿಯ ಶಾರ್ಲೆಟ್," ಎಂದರು. "ದಿವಂಗತ ಇಮ್ಯಾನುಯೆಲ್ ಪೊರ್ಬುಗಳ ಮಗಳು."

ಚಪ್ಪಾಳೆ ತಟ್ಟಿ ಎನ್ನಲಿಲ್ಲ. ಮೈಕನ್ನು ಎದೆಗೆ ಒತ್ತಿ ಹಿಡಿದು ಸುಮ್ಮನೆ ನಿಂತರು. ಅರ್ಧ ನಿಮಿಷ ಹೋಯಿತು, ಒಂದು ನಿಮಿಷ ಹೋಯಿತು. ಗಡಿಯಾರ ಹಿಡಿದವಳು ನಾನು, ನನಗೆ ಗೊತ್ತು. ಹೆದ್ದಾರಿಯಲ್ಲಿ ಬಸ್ಸುಗಳು ಹೋಗುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಗಂಡಸರು ಟೋಪಿ ತೆಗೆದಿದ್ದರು. ಶಾರ್ಲೆಟ್ ಮೈದಾನದ ನಡುವೆ ಚೆಂಡಿನ ಹತ್ತಿರ ನೆಟ್ಟಗೆ ನಿಂತಿದ್ದಳು. ಅಂದು ಇಗರ್ಜಿಯಲ್ಲಿ ಬಾರದ ಅಳು ಈಗ ಬಂದಿತ್ತು, ಎಲ್ಲರ ಎದುರು ಅತ್ತಳು, ಮುಖ ಮುಚ್ಚಲಿಲ್ಲ.

ಆಮೇಲೆ ಅವರು ದಾರಿ ಹಿಡಿದರು. ಉದ್ಯಾವರ, ಕಟಪಾಡಿ, ಪಾಂಗಾಳ, ಒಂದೊಂದು ಊರೂ ಮೆಲ್ಲನೆ ಉಂಟು ಎಂದಿತು. ಪಡುಬಿದ್ರಿ ಆಯಿತು. ಅವರು ನಿಲ್ಲಿಸಿದರು. ನಾನು ಅವರ ಮುಖ ನೋಡಿದೆ.

"ಹೆಜಮಾಡಿ ಉಂಟಾ?"

ಹೆಜಮಾಡಿಯವರು ಹತ್ತು ಹದಿನೈದು ಜನ ಬಂದಿದ್ದರು. ಹೋದ ವರ್ಷದ ನಾಚಿಕೆ, ಯಾರೂ ಬಾಯಿ ತೆರೆಯಲಿಲ್ಲ. ಶಾರ್ಲೆಟ್ ತೋಳಿನಿಂದ ಮೂಗು ಒರೆಸಿಕೊಂಡು ಕೈ ಎತ್ತಿದಳು.

"ಉಂಟು," ಎಂದಳು.

ದೂಮಪ್ಪಣ್ಣ ಮೈಕ್ ಬಾಯಿಗೆ ತಂದರು. ಸ್ವರ ಹೊರಡಲಿಲ್ಲ. ಎರಡು ಸಲ ಪ್ರಯತ್ನ ಮಾಡಿದರು. ರೆಫ್ರಿ ಕಾಯುತ್ತಿದ್ದ, ಹುಡುಗಿಯೂ ಕಾಯುತ್ತಿದ್ದಳು. ಕೊನೆಗೆ ಅವರು ಮೈಕನ್ನು ನನ್ನ ಕಡೆ ಚಾಚಿದರು. ನಾನು ಜನ್ಮದಲ್ಲಿ ಕೂಗಿದವಳಲ್ಲ. "ರೈಟ್, ಪೋಯಿ," ಎಂದೆ. ಅವಳು ಬಗ್ಗಿ ಲೇಸು ಕಟ್ಟಿದಳು.