ವಾರಸಾ ಸೈಗಾಗಿ ಹಾನಗಲ್ಲಿನಿಂದ ಹಿರೇಕೆರೂರಿಗೆ

ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗುವ ಬೆಳಗಿನ ಮೊದಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಿಟಕಿಗೆ ಗಾಜಿರಲಿಲ್ಲ, ಶ್ರಾವಣದ ಜಿಟಿಜಿಟಿ ಮಳೆ ನೇರವಾಗಿ ಒಳಗೇ ಬರುತ್ತಿತ್ತು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ಅದರಲ್ಲಿ ಅಪ್ಪನ ಮರಣ ಪ್ರಮಾಣಪತ್ರ, ಐದು ಎಕರೆ ಹೊಲದ ಪಹಣಿ ಉತಾರ, ಬಾಂಡ್ ರೈಟರ್ ಬರೆದುಕೊಟ್ಟ ವಂಶಾವಳಿ. ಅಪ್ಪ ಹೋಗಿ ವರ್ಷ ದಾಟಿತ್ತು. ಉತಾರದಲ್ಲಿ ಮಾತ್ರ ಇನ್ನೂ ಅವನೇ ಸಾಗುವಳಿ ಮಾಡುತ್ತಿದ್ದ. ಬೆಳೆ ವಿಮೆ ತುಂಬಲು ಹೋದರೆ, "ಖಾತೇದಾರರನ್ನ ಕರಕೊಂಡು ಬರ್ರಿ" ಎಂದಿದ್ದರು. ಎಲ್ಲಿಂದ ಕರೆದುಕೊಂಡು ಹೋಗಲಿ?

ನಮ್ಮೂರ ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ದಾರಿ ಹೇಳಿದ್ದರು. "ವಂಶಾವಳಿ ಕೆಳಗ ಎಲ್ಲಾ ಮಕ್ಕಳ ಸೈ ಮಾಡಿಸ್ಕೊಂಡು ಬರ್ರಿ ಮಾಸ್ತರ. ವಾರಸಾ ಹಚ್ಚಿ ಹೊಲಾ ನಿಮ್ಮ ಹೆಸರಿಗೆ ಮಾಡೂದು ನನಗ ಬಿಡ್ರಿ." ಅವ್ವ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ಬೇಕಾದದ್ದು ನನ್ನ ಸೈ, ಶಿಗ್ಗಾಂವಿಯ ಶಾಂತಕ್ಕನ ಸೈ, ಸವಣೂರಿನ ತಂಗಿ ರೇಣುಕಾಳ ಸೈ. ಮುಂದೆ ಅವರಿಬ್ಬರೂ ಹಕ್ಕು ಬಿಟ್ಟುಕೊಟ್ಟರೆ ಹೊಲ ನನ್ನೊಬ್ಬನ ಹೆಸರಿಗೆ ಆಗುತ್ತದೆ ಎಂಬ ಆಸೆಯೂ ಒಳಗೆ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆ. ಬಂಕಾಪುರದ ಮೇಲೆ ಶಿಗ್ಗಾಂವಿಗೆ ನಲವತ್ತು ಕಿಲೋಮೀಟರ್ ಆಸುಪಾಸು, ಟಿಕೆಟ್ ಐವತ್ತೆಂಟು ರೂಪಾಯಿ. ಅಷ್ಟು ಕೊಟ್ಟೂ ನಿಂತೇ ಹೋದೆ. ಸೀಟಿನಲ್ಲಿ ಕುಳಿತ ಹೆಂಗಸರೆಲ್ಲರ ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್, ಮಡಿಲಲ್ಲಿ ಉಂಡಿಯ ಡಬ್ಬಿ. ಪಂಚಮಿಗೆ ನಾಲ್ಕೇ ದಿನ ಉಳಿದಿತ್ತು. ನಮ್ಮ ಕಡೆ ಆ ಹಬ್ಬಕ್ಕೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ರೂಢಿ. ಹೋದ ವರ್ಷ ಅಪ್ಪ ಸತ್ತ ವರ್ಷವೆಂದು ನಮ್ಮ ಮನೆಯಲ್ಲಿ ಹಬ್ಬ ಮಾಡಿರಲಿಲ್ಲ. ರಸ್ತೆಯ ಎರಡೂ ಕಡೆ ಗೋವಿನಜೋಳ ಸೊಂಟದೆತ್ತರ ಬಂದಿತ್ತು.

ಶಾಂತಕ್ಕ ಬಾಗಿಲಲ್ಲೇ ಹಿಡಿದಳು. "ಪಂಚಮಿಗೆ ಕರಿಯಾಕ ಬಂದ್ಯೋ, ಸೈ ಮಾಡಸಾಕ ಬಂದ್ಯೋ?"

"ಎರಡಕ್ಕೂ ಬಂದೇನಿ."

"ಶಾಣ್ಯಾ ಅದಿ ಬಿಡು. ಒಂದ ಖರ್ಚಿನಾಗ ಎರಡು ಕೆಲಸ."

ಗಿರ್ಮಿಟ್ಟಿನ ತಾಟು ನನ್ನ ಮುಂದಿಟ್ಟು, ಓದದೆಯೇ ಸೈ ಮಾಡಿದಳು. ಚಹಾ ಆರುವುದರೊಳಗೆ ಶಿಗ್ಗಾಂವಿಯ ಕೆಲಸ ಮುಗಿಯಿತು. ಇದೇನು ಮಹಾ ಕೆಲಸ ಎಂದು ನಾನು ಉಬ್ಬಿಹೋದೆ.

ಸವಣೂರು ಅಲ್ಲಿಂದ ಹತ್ತಿರ. ಮಧ್ಯಾಹ್ನ ಮೂರಕ್ಕೆ ಇಳಿದಾಗ ಮಳೆ ಬಿಟ್ಟಿತ್ತು. ಸ್ಟ್ಯಾಂಡಿನ ಹೊರಗೆ ವೀಳ್ಯದೆಲೆಯ ಪೆಂಡಿಗಳಿಗೆ ನೀರು ಚಿಮುಕಿಸುತ್ತಿದ್ದರು. ತಂಗಿಯ ಮಕ್ಕಳಿಗೆಂದು ಅರ್ಧ ಕಿಲೋ ಖಾರಾ ಕಟ್ಟಿಸಿಕೊಂಡೆ. ರೇಣುಕಾ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಕಾಗದ ಕೊಟ್ಟರೆ ಬಟ್ಟೆಯ ಅಳತೆ ನೋಡುವ ಹಾಗೆ ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಕನ್ನಡಕ ತೆಗೆದು ಕೇಳಿದಳು.

"ಅಣ್ಣಾ, ಅಪ್ಪಗ ಎಷ್ಟು ಮಕ್ಕಳು?"

"ಮೂರು ಮಂದಿ. ಯಾಕ?"

"ಮತ್ತ ಗಂಗಕ್ಕ?"

ಗಂಗಕ್ಕ ಅಪ್ಪನ ಮೊದಲ ಹೆಂಡತಿಯ ಮಗಳು. ಹೆರಿಗೆಯಲ್ಲಿ ಆ ತಾಯಿ ತೀರಿಕೊಂಡಾಗ ಕೂಸನ್ನು ತಾಯಿಯ ತವರಾದ ಹಂಸಭಾವಿಗೆ ಅಜ್ಜ ಒಯ್ದು ಸಾಕಿದ. ಆಮೇಲೆ ಅಪ್ಪ ನಮ್ಮ ಅವ್ವನನ್ನು ಮದುವೆಯಾದ. ಪಂಚಮಿಯ ಮುಂದೆ ಅಪ್ಪ ಒಬ್ಬನೇ ಚೀಲ ಹಿಡಿದು ಆ ಕಡೆ ಹೋಗಿಬರುತ್ತಿದ್ದ. ನಮ್ಮ ಮನೆಯಲ್ಲಿ ಅದರ ಮಾತು ಆಡುತ್ತಿರಲಿಲ್ಲ. ಅಪ್ಪನ ಮಣ್ಣಿಗೆ ಗಂಗಕ್ಕ ಬಂದಿದ್ದಳು. ದೂರ ನಿಂತು ನೋಡಿ, ಊಟಕ್ಕೆ ನಿಲ್ಲದೆ ಹೋದಳು. ಉಳಿದುಕೊ ಎಂದು ನಾನೂ ಅನ್ನಲಿಲ್ಲ. ಬಾಂಡ್ ರೈಟರ್ ಎಷ್ಟು ಮಕ್ಕಳು ಎಂದು ಕೇಳಿದಾಗ ಬಾಯಿಂದ ಮೂರು ಎಂದೇ ಬಂತು. ರೂಢಿಯಿಂದ ಬಂತೋ, ಪಾಲಿನ ಆಸೆಯಿಂದ ಬಂತೋ, ಈಗ ಆಣೆ ಮಾಡಿ ಹೇಳಲಾರೆ.

"ಅಪ್ಪಗ ನಾಕು ಮಕ್ಕಳು, ಇದರಾಗ ಮೂರ ಅದಾವ. ನಾ ಸುಳ್ಳಿಗೆ ಸೈ ಮಾಡಂಗಿಲ್ಲ. ಮದಲ ಅಕಿ ಕಡೆ ಹೋಗಿ ಬಾ" ಎಂದು ರೇಣುಕಾ ಕಾಗದವನ್ನು ನನ್ನ ಕೈಗೇ ಮರಳಿಸಿದಳು. ಸಿಟ್ಟು ಬಂತು. ಆದರೂ ಅವಳ ಮನೆಯಲ್ಲೇ ಉಂಡು ಮಲಗಿದೆ.

ಎರಡನೆಯ ದಿನ ಸವಣೂರಿನಿಂದ ಹಾವೇರಿ, ಹಾವೇರಿಯಿಂದ ಹಿರೇಕೆರೂರಿನ ಬಸ್ಸು. ಹಂಸಭಾವಿಯಲ್ಲಿ ಇಳಿದಾಗ ಹನ್ನೊಂದೂವರೆ. ಅಜ್ಜನ ಮನೆಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ಕುಳಿತಿದ್ದರು. ಗಂಗವ್ವ ಎಲ್ಲಿ ಎಂದು ಕೇಳಿದೆ.

"ಅಕಿ ಹಿರೇಕೆರೂರಾಗ ಇರ್ತಾಳ್ರಿ. ಹಿಟ್ಟಿನ ಗಿರಣಿ ಇಟ್ಟಾರ. ಹತ್ತು ವರ್ಷ ಆತು. ನೀವ್ಯಾರು?"

"ಅಕಿ ತಮ್ಮ."

ಅವರು ನನ್ನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದರು. "ತಮ್ಮಗ ಅಕ್ಕ ಎಲ್ಲದಾಳ ಅನ್ನೂದ ಗೊತ್ತಿಲ್ಲೇನ್ರಿ?"

ಫೈಲು ಎತ್ತಿಕೊಂಡು ಸ್ಟ್ಯಾಂಡಿಗೆ ಮರಳಿದೆ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ನಿಂತೆ. ಹಿರೇಕೆರೂರು ಅಲ್ಲಿಂದ ದೂರವೇನಲ್ಲ, ಆದರೂ ಆ ದಾರಿ ನನಗೆ ಬಲು ಉದ್ದವೆನಿಸಿತು. ನಮ್ಮ ತಿಳವಳ್ಳಿಯಿಂದ ನೇರ ಬಂದಿದ್ದರೆ ಈ ಊರು ಒಂದೂವರೆ ತಾಸಿನ ಹಾದಿ. ಹತ್ತಿರದವಳನ್ನು ಕೊನೆಗಿಟ್ಟು ಜಿಲ್ಲೆಯನ್ನೆಲ್ಲ ಸುತ್ತಿಬಂದಿದ್ದೆ.

ಗಿರಣಿ ಪೇಟೆಯ ತುದಿಯಲ್ಲಿತ್ತು. ಹುಬ್ಬು, ಕೂದಲು, ಸೀರೆಯ ಸೆರಗು ಎಲ್ಲ ಬೆಳ್ಳಗಾದ ಹೆಂಗಸೊಬ್ಬಳು ಜೋಳ ಸುರಿಯುತ್ತಿದ್ದಳು. ನನ್ನನ್ನು ಕಂಡವಳೇ ಯಂತ್ರ ನಿಲ್ಲಿಸಿದಳು. ನಾನು ಬಾಯಿ ತೆರೆಯುವ ಮೊದಲೇ, ಡಬ್ಬಿ ಹಿಡಿದು ಕಾಯುತ್ತಿದ್ದವರ ಕಡೆ ತಿರುಗಿ ಕೂಗಿ ಹೇಳಿದಳು.

"ನಮ್ಮ ತಮ್ಮ ಬಂದಾನ್ರೀ! ಪಂಚಮಿಗೆ ಕರಿಯಾಕ ಬಂದಾನ!"

ಒಳಗಿನಿಂದ ಭಾವ, "ಹೋಗಿ ಬಾ, ಗಿರಣಿ ನಾ ನೋಡ್ತೇನಿ" ಎಂದರು. ಗಂಗಕ್ಕ ಮುಖ ತೊಳೆಯುತ್ತಲೇ ಮಾತಾಡುತ್ತಿದ್ದಳು. "ಹ್ವಾದ ವರ್ಷ ಅಪ್ಪನ ವರ್ಷ, ಅದಕ್ಕ ಬರಲಿಲ್ಲ ಅಂದ್ಕೊಂಡೆ. ಈ ವರ್ಷ ಬರ್ತಿ ಅಂತ ಉಂಡಿ ಕಟ್ಟಿಟ್ಟೇನಿ ನೋಡು. ಶೇಂಗಾದ್ದು, ಎಳ್ಳಿಂದು." ಅಪ್ಪ ವರ್ಷವರ್ಷ ಬಂದು ಕುಪ್ಪಸದ ಖಣ ಕೊಟ್ಟು ಹೋಗುತ್ತಿದ್ದನಂತೆ. ಮನೆಗೆ ಮಾತ್ರ ಒಮ್ಮೆಯೂ ಕರೆದೊಯ್ದಿರಲಿಲ್ಲ.

ನನಗೆ ನಾಚಿಕೆಯಾಯಿತು. ಸುಮ್ಮನಿದ್ದು ಕರೆದುಕೊಂಡು ಹೋಗಿಬಿಡಬಹುದಿತ್ತು. ಆಗಲಿಲ್ಲ. "ಅಕ್ಕಾ, ನಾ ಕರಿಯಾಕ ಅಂತ ಬಂದಿದ್ದಿಲ್ಲ. ವಾರಸಾ ಸೈಗೆ ಬಂದೇನಿ" ಎಂದೆ.

ಅವಳು ಕೈ ಒರೆಸಿಕೊಂಡು ಫೈಲು ಇಸಿದುಕೊಂಡಳು. ನಿಂತೇ ಓದಿದಳು. "ಇದರಾಗ ನಾನ ಇಲ್ಲ. ನನ್ನ ಸೈ ಯಾಕ ಬೇಕು?"

"ಇದಕ್ಕ ಬ್ಯಾಡ. ಇದು ತಪ್ಪು ಐತಿ. ಹೊಸಾದು ಬರೀತೇನಿ, ಅದಕ್ಕ ಬೇಕು. ನಡಿ ಅಕ್ಕಾ, ಪಂಚಮಿಗೂ ನಡಿ."

ಅವಳು ಕಾಗದ ಮಡಚಿ ಫೈಲಿಗೆ ಸೇರಿಸಿದಳು. ಆಮೇಲೆ ಕೇಳಿದಳು: "ಹೆಸರು ಹಚ್ಚಿದರ ಪಾಲೂ ಬರತೈತಿ. ನಾ ಬಿಟ್ಟು ಕೊಡಂಗಿಲ್ಲ, ಈಗ ಹೇಳೇನಿ. ನೀ ಉಳು. ವರ್ಷಕ್ಕ ನನ್ನ ಪಾಲಿನ ಕಾಳು ಕಳಸು. ಆಗತೈತೇನು?"

 ಒಳಗೊಳಗೇ ಹೆದರಿದ್ದೇ ಇದಕ್ಕೆ. ಆದರೆ ಕೇಳಿದ ಮೇಲೆ ಭಾರ ಇಳಿದಂತಾಯಿತು. "ಆಗತೈತಿ" ಎಂದೆ. ಸಂಜೆಯ ತಿಳವಳ್ಳಿ ಬಸ್ಸಿನಲ್ಲಿ ಇಬ್ಬರೂ ಕುಳಿತೆವು; ನನಗೆ ನಲವತ್ತೆರಡು ರೂಪಾಯಿ, ಅವಳಿಗೆ ಸೊನ್ನೆ. ದಾರಿಯುದ್ದಕ್ಕೂ ನಮ್ಮ ಹೊಲ ಯಾವ ಕಡೆಗಿದೆ, ಬಾವಿಯಿದೆಯೇ, ಅಪ್ಪ ಏನು ಬಿತ್ತುತ್ತಿದ್ದ ಎಂದು ಕೇಳುತ್ತ ಬಂದಳು.

ರಾತ್ರಿ ಫೋನ್ ಮಾಡಿ ಕರೆದಿದ್ದೆ; ಮೂರನೆಯ ದಿನ ಬೆಳಿಗ್ಗೆ ಶಾಂತಕ್ಕ, ರೇಣುಕಾ ಇಬ್ಬರೂ ಬಂದಿಳಿದರು. ನಾಲ್ವರೂ ಚಾವಡಿಗೆ ಹೋದೆವು. ತಲಾಟಿ ಹೊಸ ವಂಶಾವಳಿ ನೋಡಿ ತಲೆ ಕೆರೆದುಕೊಂಡರು. ಗಂಗಕ್ಕನ ಶಾಲೆಯ ದಾಖಲೆಯಲ್ಲಿ ಅಪ್ಪನ ಜಾಗದಲ್ಲಿ ಅಜ್ಜನ ಹೆಸರಿತ್ತು.

"ಇವರು ಇವರಪ್ಪನ ಮಗಳು ಅನ್ನಾಕ ದಾಖಲೆ ಇಲ್ಲಲ್ರಿ ಮಾಸ್ತರ. ಪಂಚನಾಮೆ ಮಾಡಬೇಕು. ಮದಲ ಮನ್ಯಾಗಿನವರೊಬ್ಬರು ಹೇಳಿಕಿ ಕೊಡಬೇಕು. ವಿಚಾರ ಮಾಡ್ರಿ, ನಿಮ್ಮ ಪಾಲ ಕಡಿಮಿ ಆಗತೈತಿ."

"ನಾನ ಕೊಡ್ತೇನಿ, ಬರಕೊಳ್ರಿ" ಎಂದೆ. "ಇಕಿ ನಮ್ಮಪ್ಪನ ಹಿರೇ ಮಗಳು."

ಅವರು ಬರೆದುಕೊಂಡರು. ನಾನು ಸೈ ಮಾಡಿದೆ, ಶಾಂತಕ್ಕ ಈ ಸಲ ಓದಿ ಮಾಡಿದಳು, ರೇಣುಕಾ ಮಾಡಿದಳು. ಗಂಗಕ್ಕ ಪೆನ್ನು ಹಿಡಿದು ನಿಂತಳು.

"ಅಪ್ಪನ ಹೆಸರ ಹಚ್ಚಿ ಸೈ ಮಾಡ್ಲೇನ್ರಿ?"

"ಮಾಡ್ರಿ" ಎಂದರು ತಲಾಟಿ.

ಅರವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಬರೆದು ಗೊತ್ತಿರಲಿಲ್ಲ ಅವಳಿಗೆ. ಒಂದೊಂದೇ ಅಕ್ಷರ ಬರೆದಳು, ಬರೆದು ಮುಗಿದ ಮೇಲೂ ಕಾಗದ ಬಿಡಲಿಲ್ಲ. ಬಾಗಿಲಲ್ಲಿ ಪಾಳಿ ಕಾಯುತ್ತಿದ್ದವರು ಬೇಗ ಮಾಡ್ರಿ ಎನ್ನಲಿಲ್ಲ. ತಲಾಟಿಯೂ ಕೈ ಚಾಚಲಿಲ್ಲ.