ಸರ್ದಾರಬಿ ಹೇಳದೆ ಉಳಿಸಿದ ಸಿನಿಮಾ

ಹುಮನಾಬಾದಿನ ಬಳೆಗಾರ್ತಿ ಸರ್ದಾರಬಿಗೆ ಕಲ್ಯಾಣಿಯ ಯಾವ ಮನೆಯಲ್ಲೂ ತಡೆಯಿರಲಿಲ್ಲ. ಈಗ ಬಸವಕಲ್ಯಾಣ ಎನ್ನುವ ಊರು ಆಗ ಬರೀ ಕಲ್ಯಾಣಿ. ಹೆಂಗಸರು ಪರದೆಯಲ್ಲಿರುವ ದೊಡ್ಡ ಮನೆಗಳಿಗೂ ಅವಳು ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಸೀದಾ ಒಳಗೆ ನಡೆದುಬಿಡುತ್ತಿದ್ದಳು. ಬಳೆ ತೊಡಿಸುವಾಗ ಹೆಂಗಸರು ನೋವಿಗೆ ಕೈ ಬಿಗಿಹಿಡಿಯಬಾರದೆಂದು ಏನಾದರೊಂದು ಹೇಳುತ್ತಲೇ ಇರುವುದು ಅವಳ ರೂಢಿ. ಹಾಗಾಗಿ ಕತೆ ಹೇಳುವುದೂ ಅವಳ ಕಸುಬೇ ಆಗಿಹೋಗಿತ್ತು.

ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ ಹುಮನಾಬಾದಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಸಿನಿಮಾ ಶುರುವಿನಿಂದ ಕೊನೆಯವರೆಗೂ ಒಂದು ರೈಲು ಡಬ್ಬಿಯೊಳಗೇ ನಡೆಯುತ್ತದೆ. ಬಾಗಿಲು ಜಾಮ್ ಆಗಿದೆ, ಒಬ್ಬನ ಕೊಲೆಯಾಗಿದೆ, ಕೊಂದವನು ಕೂತವರಲ್ಲೇ ಒಬ್ಬ. ‘ಹಾಡಿಲ್ಲ, ಕುಣಿತಿಲ್ಲ, ಹೊರಗಿನ ಒಂದು ಗಿಡಾ ಸುದ್ದಾ ಕಾಣಂಗಿಲ್ಲ’ ಎಂದು ಜನ ಬೈದುಕೊಂಡು ಎದ್ದರು. ಸರ್ದಾರಬಿಗೆ ಮಾತ್ರ ಬಾಯಲ್ಲಿಟ್ಟ ಎಲೆಯಡಿಕೆ ಅಗಿಯುವುದೂ ಮರೆತುಹೋಗಿತ್ತು.

ಮರುವಾರ ಅವಳು ಕಲ್ಯಾಣಿಯ ಕುಲ್ಸುಮ್ ಬೀಯ ಮನೆಗೆ ಹೋದಳು. ಆ ಮನೆಯ ಸೊಸೆ ಶಹಜಾದಿ ಒಳಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ. ನಲವತ್ತೆಂಟರಲ್ಲಿ ಭಾರತದ ಸೇನೆ ನಿಜಾಮನ ಸೀಮೆಗೆ ನುಗ್ಗಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ, ಬಟ್ಟೆ ತರಲೆಂದು ಜಹೀರಾಬಾದಿಗೆ ಹೋದ ಅವಳ ಗಂಡ ಯುನೂಸ್ ತಿರುಗಿ ಬಂದಿರಲಿಲ್ಲ. ಇದ್ದಾನೆಂಬ ಸುದ್ದಿಯಿಲ್ಲ, ಇಲ್ಲವೆಂಬ ಸುದ್ದಿಯೂ ಇಲ್ಲ. ಅವಳು ಹಳೆಯ ಬಳೆ ಒಡೆದಿರಲಿಲ್ಲ, ಹೊಸತು ತೊಟ್ಟಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಸರ್ದಾರಬಿ ಆ ಬೆನ್ನಿಗೇ ಸಿನಿಮಾ ಹೇಳತೊಡಗಿದಳು. ಗಾಲಿಯ ಸಪ್ಪಳ ಮಾಡಿದಳು, ಒಬ್ಬೊಬ್ಬರ ದನಿಯಲ್ಲೂ ಮಾತಾಡಿದಳು. ಡಬ್ಬಿಯ ದೀಪ ಆರಿ, ಕತ್ತಲಲ್ಲಿ ಯಾರೋ ಎದ್ದು ನಿಂತರು ಎನ್ನುವಲ್ಲಿಗೆ ಬಾಯಿ ಮುಚ್ಚಿದಳು.

ಶಹಜಾದಿ ಹೊರಳಿದಳು. “ಮುಂದ?”

ಅಕ್ಕಿ ಆರಿಸುತ್ತಿದ್ದ ಕುಲ್ಸುಮ್ ಬೀಯ ಕೈ ನಿಂತುಬಿಟ್ಟಿತು.

“ಮುಂದಿಂದು ಹೇಳಂಗಿಲ್ಲ. ಡೇರೆ ಇಲ್ಲಿಗೇ ಬರಾಕತ್ತದ. ಹೋಗಿ ನೋಡೂಣು.”

“ನಾ ಎಲ್ಲಿಗೂ ಬರಂಗಿಲ್ಲ.”

“ಹಂಗಾದ್ರ ಕೊಂದಾಂವ ಯಾರಂತ ನಿನಗ ತಿಳ್ಯಂಗಿಲ್ಲ.”

“ನೀ ಭಾಳ ಕೆಟ್ಟಾಕಿ ಇದ್ದಿ!” ಎಂದು ಶಹಜಾದಿ ಸಿಡುಕಿದಳು. ಎಷ್ಟೋ ತಿಂಗಳ ಮೇಲೆ ಆ ಸಿಡುಕು ಕೇಳಿ ಕುಲ್ಸುಮ್ ಬೀಗೆ ಅಳುವೇ ಬಂತು. ಆದರೂ ಅಂಗಳಕ್ಕೆ ಬಂದು, “ಪಾಪ, ಹೇಳಿಬಿಡು. ಯಾಕ ಕಾಡ್ತಿ?” ಎಂದು ಸರ್ದಾರಬಿಯನ್ನು ಬೇಡಿಕೊಂಡಳು. ಸರ್ದಾರಬಿ ಹೇಳಲಿಲ್ಲ. ಆದರೆ ನೊಂದ ಜೀವದೊಂದಿಗೆ ಆಟವಾಡಿದೆನೇನೋ ಎಂಬ ಅಳುಕು ಹುಮನಾಬಾದ್ ಮುಟ್ಟುವವರೆಗೂ ಅವಳನ್ನು ಬಿಡಲಿಲ್ಲ.

ಡೇರೆ ಕಲ್ಯಾಣಿಗೆ ಬಂದ ದಿನ ಪಕ್ಕದ ಮನೆಯ ರುಕ್ಮಿಣಿಬಾಯಿ ತನ್ನ ಎತ್ತಿನ ಗಾಡಿಗೆ ಸೀರೆಯ ಪರದೆ ಕಟ್ಟಿಸಿದಳು. ಶಹಜಾದಿ ಬುರ್ಖಾ ತೊಟ್ಟು ಬಾಗಿಲವರೆಗೆ ಬಂದಳು, ಹೊಸ್ತಿಲಲ್ಲಿ ನಿಂತೇಬಿಟ್ಟಳು. ಮನೆ ಕಾಯಲು ಉಳಿದ ಕುಲ್ಸುಮ್ ಬೀ ಹಿಂದೆ ನಿಂತು ನೋಡುತ್ತಿದ್ದಳು. ಸರ್ದಾರಬಿ ಗಾಡಿಯೊಳಗೆ ಸರಿದು ಜಾಗ ಬಿಟ್ಟಳು.

“ಗಾಡಿ ಸಣ್ಣದದವ್ವ,” ಎಂದಳು ರುಕ್ಮಿಣಿಬಾಯಿ, ಸಂತೆಗೆ ಹೊರಟವಳ ಹಾಗೆ. “ನನಗ ಒತ್ತಿ ಕೂಡು ಬಾ.”

ಶಹಜಾದಿ ಗಾಡಿ ಹತ್ತಿದಳು.

ಡೇರೆಯಲ್ಲಿ ಹೆಂಗಸರ ಜಾಗಕ್ಕೆ ಬಿದಿರು ತಟ್ಟಿಯ ಮರೆಯಿತ್ತು. ಡಬ್ಬಿಯ ದೀಪ ಆರಿದಾಗ ಶಹಜಾದಿ ರುಕ್ಮಿಣಿಬಾಯಿಯ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆಗಳು ಚೂರಾದವು. ಕೊನೆಗೆ ಕೊಲೆಗಾರ ಸಿಕ್ಕಿಬಿದ್ದ, ಬಾಗಿಲು ತೆರೆಯಿತು, ಜನ ಸಿಳ್ಳೆ ಹಾಕಿದರು. ಶಹಜಾದಿ ಮಾತ್ರ ಸರ್ದಾರಬಿಯ ಕಡೆ ತಿರುಗಿ ಮುನಿಸಿನಿಂದ ಕೇಳಿದಳು:

“ಎಲಿಯಡಿಕಿ ಪಾನ್‌ದಾನ್ ಹಿಡಕೊಂಡು ಎಲ್ಲಾರಿಗೂ ಬುದ್ಧಿ ಹೇಳೋ ಮುದುಕಿ ಒಬ್ಬಾಕಿ ಇದ್ದಾಳ ಅಂದಿದ್ದಿ. ಎಲ್ಲಿ ಆಕಿ?”

ಸರ್ದಾರಬಿ ತಲೆ ಕೆರೆದುಕೊಂಡಳು. “ಅಷ್ಟು ಗಂಡಸರ ನಡುವ ಒಬ್ಬಾಕಿ ಹೆಂಗಸು ಬ್ಯಾಡೇನು? ಅದಕ್ಕ ನಾನೇ ಹತ್ತಿ ಕುಂತಿದ್ದೆ.”

ಶಹಜಾದಿ ನಕ್ಕಳು. ತಟ್ಟಿಯ ಆಚೆಗಿನ ಗಂಡಸರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕಳು. ಆಮೇಲೆ ಸರ್ದಾರಬಿಯ ಹೆಗಲಿಗೆ ಮುಖವಿಟ್ಟು ಬಹಳ ಹೊತ್ತು ಅತ್ತಳು. ಅಳು ಮುಗಿಯುವವರೆಗೆ ಮೂವರೂ ಖಾಲಿ ಡೇರೆಯಲ್ಲೇ ಕೂತಿದ್ದರು.

ಯುನೂಸನ ಸುದ್ದಿ ಆಮೇಲೂ ಬರಲಿಲ್ಲ. ಜಹೀರಾಬಾದ್, ಹೈದರಾಬಾದ್ ಕಡೆಯಿಂದ ಬಂದವರನ್ನೆಲ್ಲ ಶಹಜಾದಿ ತಾನೇ ಬಾಗಿಲಿಗೆ ಬಂದು ವಿಚಾರಿಸುತ್ತಿದ್ದಳು. ಸರ್ದಾರಬಿ ಕಲ್ಯಾಣಿಗೆ ಬಂದ ದಿನ ಅವಳ ಊಟ ಅದೇ ಮನೆಯಲ್ಲಿ. ಶಹಜಾದಿ ಒಲೆಯನ್ನು ಅಂಗಳದ ಬೇವಿನ ನೆರಳಿಗೆ ತಂದು ಹೂಡಿದ್ದಳು. ಬಿಸಿ ರೊಟ್ಟಿ ಬಡಿದು ಹಾಕುತ್ತ, ರುಕ್ಮಿಣಿಬಾಯಿಯನ್ನೂ ಊಟಕ್ಕೆ ಬಾರೆಂದು ಗೋಡೆಯಾಚೆಗೆ ಕೂಗುತ್ತಿದ್ದಳು.