ಡಾಕ್ಟರರಲ್ಲಿ ವಾಯಿದೆ ಕೇಳಿದ ಅಪ್ಪ

"ನಾಲ್ಕನೇ ಬೆಡ್ಡಿನ ಕೇಸಿನವರು ಯಾರು?" ಎಂದು ನರ್ಸ್ ಕೂಗಿದ ಕೂಡಲೇ ಅಪ್ಪ ಚಪ್ಪಲಿ ಕಳಚಿದರು, ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದರು, ಒಳಗೆ ಹೋಗಿ ಡಾಕ್ಟರರ ಮೇಜಿನೆದುರು ಕೈಮುಗಿದು ನಿಂತರು. ನಾನೂ ಹಿಂದೆಯೇ ಹೋದೆ. ಜಾಗದ ತಕರಾರಿಗಾಗಿ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದವರು ಅವರು. ಜಡ್ಜರ ಮುಂದೆಯೂ ಹೀಗೆಯೇ ನಿಲ್ಲುತ್ತಿದ್ದರು.

ಅದು ಅರವತ್ತರ ದಶಕ. ಅಮ್ಮನನ್ನು ಬೆಳ್ತಂಗಡಿಯಿಂದ ಬಂಟ್ವಾಳದ ಆಸ್ಪತ್ರೆಗೆ ಬಸ್ಸಿನಲ್ಲಿ ತಂದಿದ್ದೆವು. "ಆಸ್ಪತ್ರೆ ಕೇಸ್ ಉಂಟು, ಎಲ್ಲಿಯೂ ನಿಲ್ಲಿಸಬೇಡ ಮಾರಾಯ" ಎಂದು ಕಂಡಕ್ಟರ್ ಡ್ರೈವರನಿಗೆ ಹೇಳಿದ್ದ. ಅವನ ಕಾಲ ಬಳಿಯಿದ್ದ ಸೋಡಾ ಬಾಟ್ಲಿಗಳ ಪೆಟ್ಟಿಗೆಗೂ ಕೇಸ್ ಎಂದೇ ಹೆಸರು. ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದ ನನಗೆ ಅದೇ ಶಬ್ದಕ್ಕೆ ವಿಭಕ್ತಿ ಎಂಬ ಇನ್ನೊಂದು ಅರ್ಥ. ಅಪ್ಪನಿಗೆ ಮಾತ್ರ ಕೇಸ್ ಎಂದರೆ ಕೋರ್ಟು.

"ಕಷ್ಟ ಉಂಟು. ನಾಳೆಯವರೆಗೆ ಏನೂ ಹೇಳಲಿಕ್ಕಾಗುವುದಿಲ್ಲ" ಎಂದರು ಡಾಕ್ಟರು.

ಅಪ್ಪ ತಲೆ ಎತ್ತಲಿಲ್ಲ. "ಒಂದು ವಾಯಿದೆ ಕೊಡಬೇಕು ಸ್ವಾಮಿ. ಮೂಡಬಿದ್ರೆಯಿಂದ ಮಗಳು ಬರುವವರೆಗೆ ಸಾಕು."

ಡಾಕ್ಟರು ಪೆನ್ನು ಕೆಳಗಿಟ್ಟರು.

ಅಕ್ಕ ಮರುದಿನ ಮೊದಲ ಬಸ್ಸಿಗೆ ಬಂದಳು. ಅಮ್ಮ ಅವಳ ಮುಖ ನೋಡಿಯೇ ಕಣ್ಣು ಮುಚ್ಚಿದರು. ತಿಂಗಳು ಕಳೆದು ಕೋರ್ಟಿನಲ್ಲಿ ಎದುರು ಪಾರ್ಟಿಯ ವಕೀಲರು ವಿಚಾರಣೆ ಮುಂದೂಡಲು ಮತ್ತೆ ವಾಯಿದೆ ಕೇಳಿದಾಗ, ಪ್ರತಿ ಸಲ ಸಿಡಿಯುತ್ತಿದ್ದ ಅಪ್ಪ, ವಿರೋಧಿಸಲು ಎದ್ದ ನಮ್ಮ ವಕೀಲರ ಕೈ ಹಿಡಿದು ಕುಳ್ಳಿರಿಸಿದರು. "ಕೊಡಲಿ ಬಿಡಿ" ಎಂದರು.